ಬಲಗೈಗೊಂದು ಕೆಲಸ

"ಈ ಮನುಷ್ಯನ ಪ್ರಾಣ ಹೋದರೂ ಕಾಲು ಇನ್ನೊಂದು ಗಳಿಗೆ ತುಳೀತಾನೇ ಇರುತ್ತೆ" ಎಂದು ಬೀದಿಯವರು ಹೇಳುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಹೇಳಿದವರ ಪ್ಯಾಂಟಿನ ಅಂಚು ಮಡಚುತ್ತಾ ಟೈಲರ್ ಮಾಸ್ಟರು ತಾವೂ ನಗುತ್ತಿದ್ದರು.

ಮಾತು ಸುಳ್ಳೇನಲ್ಲ. ಮೂವತ್ತೆಂಟು ವರ್ಷ ಹೊಲಿಗೆ ಮಿಷನ್ನಿನ ಪೆಡಲು ತುಳಿದ ಕಾಲುಗಳು ಅವು. ಮುಂದೆ ಮಿಷನ್ನು ಇರಲಿ ಬಿಡಲಿ, ತುಳಿಯುತ್ತಲೇ ಇದ್ದವು. ಮಾಸ್ಟರು ಊಟಕ್ಕೆ ಕೂತರೆ ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು "ಏನು ಸ್ವಾಮಿ, ಡ್ರೈವರಿಗೆ ಸಹಾಯ ಮಾಡ್ತಿದ್ದೀರಾ?" ಎಂದು ಕೇಳಿದ್ದುಂಟು. ಕ್ಷೌರದಂಗಡಿಯವನಂತೂ ಕತ್ತರಿ ಕೆಳಗಿಟ್ಟು, "ಮಾಸ್ಟ್ರೇ, ಒಂದೋ ಕಾಲು ನಿಲ್ಲಿಸಿ, ಇಲ್ಲ ಕಿವಿ ಆಸೆ ಬಿಡಿ" ಎನ್ನುತ್ತಿದ್ದ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ.

ಮನೆ ಅಂಗಡಿಯ ಎದುರಿಗೇ, ಮೊದಲ ಮಹಡಿಯಲ್ಲಿ. ಬೀದಿ ಎಷ್ಟು ಕಿರಿದೆಂದರೆ ಹೆಂಡತಿ ಬದುಕಿದ್ದಾಗ ಕಿಟಕಿಯಿಂದಲೇ ಊಟಕ್ಕೆ ಕರೆಯುತ್ತಿದ್ದರು. ಈಗ ಮನೆಯಲ್ಲಿ ಮಗ ಮತ್ತು ಸೊಸೆ. ಮಗನಿಗೆ ಔಷಧಿ ಗೋದಾಮಿನಲ್ಲಿ ಕೆಲಸ. ಸೊಸೆ, ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಯೊಂದರಲ್ಲಿ ಕೌಂಟರಿನ ಈಚೆ ಮಾರುವವಳೂ ಅವಳೇ, ಆಚೆ ರಿಪೇರಿ ಮಾಡುವವಳೂ ಅವಳೇ. ಕೆಳಮನೆಯಲ್ಲಿ ಗುಂಡಿಯಮ್ಮ, ಮಾಸ್ಟರ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗುಂಡಿ ಹಾಕಿ, ಕಾಜ ಹೊಲಿದು, ಕೊನೆಗೆ ಆ ಹೆಸರನ್ನೇ ಪಡೆದುಕೊಂಡವಳು.

ಮಾಸ್ಟರಿಗೆ ಜಗತ್ತಿನಲ್ಲಿ ಒಂದೇ ಒಂದು ಶತ್ರು, ರೆಡಿಮೇಡ್ ಬಟ್ಟೆ. "ಎಲ್ಲರಿಗೂ ಅಂತ ಹೊಲಿದದ್ದು ಯಾರಿಗೂ ಹೊಲಿದದ್ದಲ್ಲ" ಎನ್ನುವರು. ಗಿರಾಕಿ ರೆಡಿಮೇಡ್ ಅಂಗಿ ತೊಟ್ಟು ಬಂದರೆ ಮೊದಲು ಅದರ ತೋಳು ಹಿಡಿದೆಳೆದು, "ಇದರೊಳಗೆ ಇನ್ನೊಬ್ಬರಿಗೂ ಜಾಗ ಇದೆಯಲ್ಲಪ್ಪಾ, ಬಾಡಿಗೆಗೆ ಕೊಡ್ತೀಯಾ?" ಎಂದು ಕೇಳಿಯೇ ಮುಂದಿನ ಮಾತು.

ಹೀಗಿರುವಾಗ ಒಂದು ಬೆಳಿಗ್ಗೆ ಕೋಟಿನ ಬಟ್ಟೆ ಕತ್ತರಿಸುತ್ತಿದ್ದರು. ಕತ್ತರಿ ಅರ್ಧ ದಾರಿ ಹೋಗಿ ನಿಂತಿತು. "ಥೂ, ಮೊಂಡಾಗಿದೆ ಇದು" ಎಂದು ಕತ್ತರಿಗೆ ಬೈದರು. ಮತ್ತೆ ಒತ್ತಿದರು. ಆಗದು. ಗುಂಡಿಯಮ್ಮ ತಲೆಯೆತ್ತಿ ನೋಡಿದಳು.

"ಮಾಸ್ಟ್ರೇ, ಕತ್ತರಿ ಚೆನ್ನಾಗೇ ಇದೆ. ನಿಮ್ಮ ಬಾಯಿ ಯಾಕೆ ಸೊಟ್ಟಗಿದೆ?"

ಲಕ್ವ ಹೊಡೆದಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನಕ್ಕೆ ಬಾಯಿ ನೆಟ್ಟಗಾಯಿತು, ಮೂರು ವಾರಕ್ಕೆ ಬಲಗಾಲು ಬಂತು. ಬಲಗೈ ಮಾತ್ರ ಬರಲಿಲ್ಲ. ಭುಜ ಏಳುತ್ತಿತ್ತು, ಮೊಣಕೈ ಮಡಚುತ್ತಿತ್ತು. ಅಲ್ಲಿಂದ ಕೆಳಗೆ, ಹಂಗಿನ ಮನೆಗೆ ಬಂದ ನೆಂಟನ ಹಾಗೆ ಕೈ ಸುಮ್ಮನೆ ಮಡಿಲಲ್ಲಿ ಕೂತಿರುತ್ತಿತ್ತು. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಒಂದು ಮೆತ್ತನೆಯ ಚೆಂಡು ಕೊಟ್ಟು, "ಬೇಗ ಬರೋದೆಲ್ಲ ಮೊದಲ ಆರು ತಿಂಗಳಲ್ಲೇ ಬರುತ್ತೆ. ಆಮೇಲೆ ಬರೋದು ನಿಧಾನ, ಪೂರ್ತಿ ಬರುತ್ತೆ ಅನ್ನೋ ಭರವಸೆ ಕೊಡೋಕೂ ಆಗಲ್ಲ. ಹೆಬ್ಬೆರಳಿಗೆ ಕೆಲಸ ಕೊಡಿ" ಎಂದರು.

ಆ ಆರು ತಿಂಗಳಿಗೆ ಒಂದು ಮನೆಯೇ ಜೋತುಬಿದ್ದಿತ್ತು. ಮಗ ಸೊಸೆಯ ಕೆಲಸ ಎರಡೂ ಊರಿನ ಆ ತುದಿಯಲ್ಲಿ; ದಿನಾ ಎರಡೆರಡು ಬಸ್ಸು ಬದಲಿಸಿ ಹೋಗುತ್ತಿದ್ದರು. ಅಲ್ಲೇ ಹತ್ತಿರ ಒಂದು ಮನೆ ನೋಡಿಟ್ಟಿದ್ದರು, ನೆಲಮಹಡಿ, ಮೆಟ್ಟಿಲಿನ ಕಾಟವಿಲ್ಲ. ಮಾಸ್ಟರು ಒಪ್ಪಲಿಲ್ಲ.

"ಕೈ ಬಂದ ದಿನ ಅಂಗಡಿ ತೆಗೀತೀನಿ. ಅಂಗಡಿ ಇಲ್ಲಿದ್ದರೆ ನಾನೂ ಇಲ್ಲೇ. ಅಲ್ಲೀವರೆಗೆ ಮನೆ ಬಿಡೋ ಮಾತು ಯಾರೂ ಎತ್ತಬಾರದು."

"ಆರು ತಿಂಗಳಿಗೂ ಬರದಿದ್ದರೆ?" ಎಂದು ಮಗ ಕೇಳಿದ.

"ಬರದಿದ್ದರೆ ನೀವು ಕರೆದಲ್ಲಿಗೆ ಬರ್ತೀನಿ. ಆದರೆ ಬರುತ್ತೆ."

ನಾಲ್ಕು ತಿಂಗಳು ಕಳೆಯಿತು. ಚೆಂಡು ಎರಡು ಸಲ ಕಿಟಕಿಯಿಂದ ಬೀದಿಗೆ ಹೋಯಿತು; ಬಿದ್ದದ್ದಲ್ಲ, ಎಸೆದದ್ದು. ಎಡಗೈಯಿಂದ. ಮಾಸ್ಟರು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಮೆಟ್ಟಿಲಿಗೆ ನಡೆದೇ ನಡೆದರು. ಬೀದಿ ದಾಟಿ ಅಂಗಡಿಯ ಷಟರು ಮುಟ್ಟಿ ಬರುವರು. ಹತ್ತು ನಿಮಿಷಕ್ಕೆ ಮತ್ತೆ ಹೋಗುವರು. "ಷಟರು ಎಲ್ಲಿಗೂ ಓಡಿ ಹೋಗಲ್ಲ ಮಾಸ್ಟ್ರೇ, ನಾನು ನೋಡ್ಕೊಂಡಿದ್ದೀನಿ" ಎಂದು ಗುಂಡಿಯಮ್ಮ ಕೆಳಗಿನಿಂದ ಕೂಗುವಳು.

ಆಗ ಸೊಸೆಗೆ ಹೊಳೆದದ್ದು ವಿಡಿಯೋ ಆಟ. ಗಂಡ ಹೆಂಡತಿ ಇಬ್ಬರಿಗೂ ಆ ಹುಚ್ಚು ಮೊದಲಿಂದ ಇತ್ತು. ಮನೆಗೊಂದು ಯಂತ್ರ ತರಬೇಕೆಂದು ವರ್ಷದಿಂದ ಅಳೆದೂ ಸುರಿದೂ ಕೂತಿದ್ದರು. ಅವನಿಗೆ ಕನ್ಸೋಲ್ ಬೇಕು, ಅವಳಿಗೆ ಪಿಸಿ. ಬೇರೆ ಗಂಡ ಹೆಂಡತಿ ಅತ್ತೆ ಮಾವನ ವಿಷಯಕ್ಕೆ ಜಗಳವಾಡಿದರೆ ಇವರು ಇದಕ್ಕೆ ಆಡುತ್ತಿದ್ದರು.

"ಟಿವಿಗೆ ಸಿಕ್ಕಿಸು, ಗುಂಡಿ ಒತ್ತು, ಆಡು. ಕನ್ಸೋಲ್ ಅಂದರೆ ಅಷ್ಟೇ" ಎನ್ನುವನು ಮಗ. "ನಿನ್ನ ಪಿಸಿ ತಂದರೆ ಮೊದಲ ವಾರ ನೀನು ಅದರ ಹೊಟ್ಟೆ ಬಿಚ್ಚಿಕೊಂಡು ಕೂತಿರ್ತೀಯ."

"ಬಿಚ್ಚೋಕಾದರೂ ಬರುತ್ತಲ್ಲ! ನಿಮ್ಮದು ಕೆಟ್ಟರೆ ಕೈಮುಗಿದು ಕೂರೋದೊಂದೇ ದಾರಿ."

"ಅಪ್ಪ ಹೇಳಲಿ" ಎಂದ ಮಗ. "ಹಗಲೆಲ್ಲ ಮನೇಲಿರೋನು ಅವನು. ಅವನ ಕೈಗೆ ಯಾವುದು ಒಗ್ಗುತ್ತೋ ಅದು."

ಸೊಸೆ ತನ್ನ ಅಂಗಡಿಯ ಯಜಮಾನರನ್ನು ಕಾಡಿಬೇಡಿ ಎರಡನ್ನೂ ತಂದಳು. ಎರಡು ವಾರ ಇಟ್ಟುಕೊಳ್ಳಬಹುದು, ಆಮೇಲೆ ಒಂದು ವಾಪಸ್ಸು ಹೋಗಬೇಕು. ಟಿವಿಯ ಕೆಳಗೆ ಕಪ್ಪು ಡಬ್ಬಿಯಂಥ ಕನ್ಸೋಲ್. ಕಿಟಕಿಯ ಪಕ್ಕದ ಮೇಜಿನ ಮೇಲೆ ಪಿಸಿ, ಪರದೆ, ಕೀಲಿಮಣೆ. ಮಾಸ್ಟರು ಕನ್ಸೋಲನ್ನು ಎಡಗೈಯಲ್ಲಿ ತಿರುಗಿಸಿ ಮುರುಗಿಸಿ ನೋಡಿದರು.

"ಇದಕ್ಕೆ ಹೊಲಿಗೆ ಎಲ್ಲಿ? ಬಿಚ್ಚೋದು ಹೇಗೆ?"

"ಬಿಚ್ಚೋ ಹಾಗಿಲ್ಲ ಮಾವ. ಅವರು ಹೇಗೆ ಕೊಟ್ಟರೋ ಹಾಗೆ."

"ಅಂದರೆ ರೆಡಿಮೇಡು."

"ನೋಡಿದಿರಾ!" ಎಂದು ಸೊಸೆ ಗಂಡನ ಕಡೆ ತಿರುಗಿ ಕುಣಿದಳು. "ಪಿಸಿ ಅಂದರೆ ಹೊಲಿಸಿದ್ದು ಮಾವ. ನಿಮಗೆ ಎಲ್ಲಿ ಬಿಗಿ ಬೇಕು, ಎಲ್ಲಿ ಸಡಿಲ ಬೇಕು, ಎಲ್ಲ ನಾವೇ ಮಾಡ್ಕೋಬಹುದು."

ಮಗನ ಮುಖ ಸಪ್ಪಗಾಯಿತು. ಪಂದ್ಯ ಶುರುವಾಗುವ ಮುನ್ನವೇ ಸೋತ ಹಾಗೆ. ಆದರೆ ಮಾಸ್ಟರು ಕನ್ಸೋಲಿನ ಜೊತೆ ಬಂದಿದ್ದ, ಎರಡೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರನ್ನು ಎತ್ತಿಕೊಂಡರು. ಅದರ ಮೇಲೆ ಎರಡು ಪುಟ್ಟ ಗೂಟಗಳಿದ್ದವು, ಎಡ ಹೆಬ್ಬೆರಳಿಗೊಂದು, ಬಲ ಹೆಬ್ಬೆರಳಿಗೊಂದು. ಬಲಗಡೆಯ ಗೂಟವನ್ನೇ ನೋಡುತ್ತಾ ಕೂತರು.

ಆಟ ಸರಳ. ಪುಟ್ಟ ವಿಮಾನ, ಅದರಲ್ಲಿ ಅಂಚೆ ಚೀಲ. ದ್ವೀಪದಿಂದ ದ್ವೀಪಕ್ಕೆ ಹಾರಿ ಕಾಗದ ಮುಟ್ಟಿಸಬೇಕು. ಎಡಗಡೆಯ ಗೂಟ ವಿಮಾನವನ್ನು ಪಕ್ಕಕ್ಕೆ ತಿರುಗಿಸುತ್ತದೆ, ಬಲಗಡೆಯದು ಮೂತಿ ಎತ್ತಿ ಇಳಿಸುತ್ತದೆ. ಮಾಸ್ಟರು ಮಡಿಲಲ್ಲಿ ದಿಂಬಿಟ್ಟು, ದಿಂಬಿನ ಮೇಲೆ ಕಂಟ್ರೋಲರಿಟ್ಟು, ಬಲಗೈಯನ್ನು ಎಡಗೈಯಿಂದ ಎತ್ತಿ ಅದರ ಮೇಲೆ ಕೂರಿಸಿದರು. ವಿಮಾನ ಎದ್ದಿತು. ಮೂತಿ ಎತ್ತಬೇಕು. ಹೆಬ್ಬೆರಳು ಅಲುಗಲಿಲ್ಲ. ವಿಮಾನ ನೇರ ಸಮುದ್ರಕ್ಕೆ.

ಮೊದಲ ದಿನ ನಲವತ್ತು ಸಲ. ಮೂರನೆಯ ದಿನದ ಹೊತ್ತಿಗೆ ಎಣಿಸುವುದನ್ನು ಬಿಟ್ಟರು. ನೋಡಲು ಬಂದ ಗುಂಡಿಯಮ್ಮ ಸ್ವಲ್ಪ ಹೊತ್ತು ನಿಂತು, "ಪಾಪ, ಮೀನುಗಳಿಗೆ ಇಷ್ಟೊಂದು ಕಾಗದ ಯಾರು ಬರೆದರೋ" ಎಂದಳು.

"ಇದರ ಗೂಟ ಬಿಗಿ ಇದೆ" ಎಂದರು ಮಾಸ್ಟರು.

"ಹೂಂ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನಿನಗೆ ಕೆಳಗೆ ಕೆಲಸ ಇಲ್ವಾ?"

"ಅಂಗಡಿ ಮುಚ್ಚಿ ಕೂತವರು ನೀವು, ಕೆಲಸ ಎಲ್ಲಿಂದ ತರಲಿ?"

ಆ ಮಾತು ನಾಟಿತು. ಮಾಸ್ಟರು ಎದ್ದು ಷಟರು ಮುಟ್ಟಿ ಬಂದರು. ಮತ್ತೆ ಕೂತರು, ಮತ್ತೆ ಎದ್ದರು. ಕಾಲು ಎರಡೂ ನೆಲವನ್ನು ಗುದ್ದುತ್ತಿದ್ದವು.

ಮರುವಾರ ಸೊಸೆ ರಜೆ ಹಾಕಿ ಮನೆಯಲ್ಲಿ ಉಳಿದಳು. ಅದೇ ಆಟವನ್ನು ಪಿಸಿಯಲ್ಲಿ ಹಾಕಿದಳು. ಅಂಗಡಿಯಿಂದ ಕಾರು ಓಡಿಸುವ ಆಟದ ಪೆಡಲುಗಳ ಜೋಡಿಯೊಂದನ್ನು ತಂದಿದ್ದಳು. ಮೇಜಿನ ಕೆಳಗಿಟ್ಟು ತಂತಿ ಸಿಕ್ಕಿಸಿದಳು.

"ಈಗ ನೋಡಿ ಮಾವ. ಎಡಗೈಗೆ ಈ ಎರಡು ಕೀಲಿ, ವಿಮಾನ ತಿರುಗಿಸೋಕೆ. ಮೂತಿ ಎತ್ತೋಕೆ ಬಲಗಾಲು, ಇಳಿಸೋಕೆ ಎಡಗಾಲು. ಕನ್ಸೋಲ್‌ನಲ್ಲಿ ಈ ಆಟಕ್ಕೆ ಪೆಡಲು ಒಪ್ಪಲ್ಲ. ಇದರಲ್ಲಿ ನಾನು ಹೇಳಿದ್ದನ್ನ ಅದು ಕೇಳುತ್ತೆ."

ಮಾಸ್ಟರು ಚಪ್ಪಲಿ ಬಿಟ್ಟು ಬರಿಗಾಲು ಪೆಡಲಿನ ಮೇಲಿಟ್ಟರು. ಒಂದು ಸಲ ಒತ್ತಿ ನೋಡಿದರು. "ಸ್ಪ್ರಿಂಗು ಹೊಸದು, ಇನ್ನೂ ಪಳಗಿಲ್ಲ" ಎಂದರು. ಅಷ್ಟೇ. ವಿಮಾನ ಎದ್ದಿತು, ಏರಿತು, ಮೋಡದ ಒಳಗೆ ಹೋಗಿ ಆಚೆ ಬಂತು. ದ್ವೀಪದ ಬಂಡೆಯ ಅಂಚು ಸವರಿಕೊಂಡು, ಕಾಲರಿಗೆ ಹೊಲಿಗೆ ಹಾಕುವಾಗ ಮೂಲೆ ತಿರುಗಿಸುವ ಹಾಗೆ ತಿರುಗಿತು. ಮೂರು ಚೀಲ ಮುಟ್ಟಿಸಿದರು. ನಾಲ್ಕನೆಯದನ್ನು ಹೊತ್ತು ಹೊರಟರು. ಸೊಸೆ ಚಪ್ಪಾಳೆ ತಟ್ಟುತ್ತಿದ್ದಳು. "ಮಾವ, ನಾನೇ ಇಷ್ಟು ದೂರ ಹೋಗಿಲ್ಲ!" ಮುಕ್ಕಾಲು ಗಂಟೆ ಮಾಸ್ಟರು ಕುರ್ಚಿ ಬಿಟ್ಟು ಏಳಲಿಲ್ಲ. ಲಕ್ವ ಹೊಡೆದ ಮೇಲೆ ಅಷ್ಟು ಹೊತ್ತು ಅವರು ಒಂದು ಕಡೆ ಕೂತದ್ದು ಅದೇ ಮೊದಲು.

ಆಮೇಲೆ ಕಣ್ಣು ಕೆಳಗೆ ಹೋಯಿತು. ಬಲಗೈ ಮಡಿಲಲ್ಲಿ ಹಾಗೇ ಬಿದ್ದಿತ್ತು. ಅಷ್ಟೂ ಹೊತ್ತು ಅದರ ನೆನಪೇ ಅವರಿಗೆ ಬಂದಿರಲಿಲ್ಲ.

ಪೆಡಲನ್ನು ಕಾಲಿನಿಂದಲೇ ದೂರ ತಳ್ಳಿದರು. "ತಗೊಂಡು ಹೋಗಿ ಕೊಟ್ಟುಬಿಡು ಇದನ್ನ. ಕನ್ಸೋಲ್ ಇರಲಿ."

"ಮಾವ! ಅದರಲ್ಲಿ ಒಂದು ಸಲವೂ ನೀವು ದಡ ಸೇರಿಲ್ಲ!"

"ಸೇರ್ತೀನಿ."

"ಜೀವಮಾನ ಎಲ್ಲ ರೆಡಿಮೇಡಿಗೆ ಬೈದವರು ನೀವು."

"ಇದರಲ್ಲಿ ಬಲಗೈಗೆ ಕೆಲಸ ಎಲ್ಲಿದೆ ಹೇಳು?" ಮಾಸ್ಟರ ದನಿ ಏರಿತು. "ಇದರಲ್ಲಿ ಆಡಿದರೆ ನಾನು ಗೆಲ್ತೀನಿ, ಕೈ ಸೋಲುತ್ತೆ. ಕೈ ಸೋತರೆ ಅಂಗಡಿ ಹೋಯ್ತು. ಆ ಡಬ್ಬಿ ಕೆಟ್ಟದ್ದೇ ಇರಬಹುದು, ಕೈನ ಬಿಟ್ಟು ಹೋಗೋಕೆ ಬಿಡಲ್ಲ ಅದು."

ಸೊಸೆ ಪೆಡಲಿನ ತಂತಿ ಕಿತ್ತು ಸುತ್ತಿಟ್ಟಳು. ಸಂಜೆ ಗಂಡನಿಗೆ ಹೇಳಿದಳು. ಗೆದ್ದ ಗಂಡನಿಗೆ ಗೆದ್ದ ಖುಷಿಯಾಗಲಿಲ್ಲ. "ಇನ್ನು ನಾಲ್ಕು ದಿನ ಇದೆಯಲ್ಲ, ನೋಡೋಣ" ಎಂದ.

ಮಾಸ್ಟರು ನಾಲ್ಕು ದಿನ ಕಾಯುವವರಲ್ಲ. ಮಾರನೆಯ ಬೆಳಿಗ್ಗೆಯೇ ಗುಂಡಿಯಮ್ಮನನ್ನು ಕರೆದು ಅಂಗಡಿಯ ಷಟರು ಎತ್ತಿಸಿದರು. ನಾಲ್ಕು ತಿಂಗಳ ಧೂಳು. ಅರ್ಧ ಕತ್ತರಿಸಿದ ಕೋಟಿನ ಬಟ್ಟೆ ಮೇಜಿನ ಮೇಲೆ ಹಾಗೇ ಇತ್ತು. ಅದನ್ನು ಪಕ್ಕಕ್ಕೆ ಸರಿಸಿ ಹೇಳಿದರು:

"ಕೈಗವಸು ಒಂದು ಹೊಲೀಬೇಕು. ಬಲಗೈಯನ್ನ ಕಂಟ್ರೋಲರಿಗೆ ಬಿಗಿಯೋ ಹಾಗೆ. ಹೆಬ್ಬೆರಳು ಗೂಟದ ಮೇಲೆ ಕೂತರೆ ಜಾರಬಾರದು, ಅಷ್ಟು ಅಚ್ಚುಕಟ್ಟಾಗಿ ಬರಬೇಕು. ನೀನು ಕತ್ತರಿಸು, ನಾನು ತುಳೀತೀನಿ."

ಗುಂಡಿಯಮ್ಮ ಬಿಳಿ ಕಾಗದ ಹಾಸಿ ಪೆನ್ಸಿಲು ಹಿಡಿದಳು. "ಕೈ ಇಡಿ." ಮಾಸ್ಟರು ಎಡಗೈ ಇಟ್ಟರು.

"ಬಲಗೈ ಅಲ್ವಾ?"

"ಎಷ್ಟು ವರ್ಷ ಆಯ್ತು ನನ್ನ ಹತ್ತಿರ? ಒಂದು ತೋಳು ಅಳೆದರೆ ಎರಡು ತೋಳು ಅಳೆದ ಹಾಗೆ. ಗೀಟು ಹಾಕು, ಕಾಗದ ಮಗುಚು, ಬಲಗೈ ಆಯ್ತು."

ನಿಜ, ಹೊಲಿಗೆಯವರ ಲೆಕ್ಕವೇ ಅದು. ಬಟ್ಟೆಯನ್ನು ಎರಡಾಗಿ ಮಡಚಿ ಒಂದೇ ಸಲ ಕತ್ತರಿಸುತ್ತಾರೆ. ಎಡ ಹೇಗೋ ಬಲ ಹಾಗೆ. ಮೂವತ್ತೆಂಟು ವರ್ಷ ಮಾಸ್ಟರು ಯಾರ ಎರಡೂ ಕೈಯನ್ನು ಅಳೆದವರಲ್ಲ.

ಗುಂಡಿಯಮ್ಮ ಎಡಗೈಯ ಸುತ್ತ ಗೀಟೆಳೆದಳು, ಕಾಗದ ಮಗುಚಿದಳು, ಕತ್ತರಿಸಿದಳು. ಅವಳು ಬಟ್ಟೆ ಹಿಡಿದು ತಿರುಗಿಸಿದಂತೆ ಮಾಸ್ಟರು ತುಳಿದರು. ಮಿಷನ್ನಿನ ಸದ್ದು ಕೇಳಿ ಎದುರು ಮನೆಯವರು, ಪಕ್ಕದ ಅಂಗಡಿಯವರು ಹೊರಗೆ ಬಂದು ಇಣುಕಿದರು. "ಮಾಸ್ಟ್ರು ಬಂದರಪ್ಪೋ!" ಎಂದು ಯಾರೋ ಕೂಗಿದರು. ಹೆಬ್ಬೆರಳಿಗೆ ಒಳಗಿನಿಂದ ಗಟ್ಟಿ ಕ್ಯಾನ್ವಾಸ್ ಪಟ್ಟಿ, ಮಣಿಕಟ್ಟಿಗೆ ಎರಡು ಗುಂಡಿ. ಒಂದು ಗಂಟೆಯೊಳಗೆ ಕೈಗವಸು ಮುಗಿಯಿತು. ಮಾಸ್ಟರು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಹೊಲಿಗೆಯಲ್ಲಿ ಒಂದು ಕೊಂಕಿಲ್ಲ.

ಬಲಗೈಗೆ ತೊಡಿಸಿದಳು. ಗುಂಡಿ ಹಾಕಿದಳು. ಮಾಸ್ಟರು ಮನೆಯಿಂದ ತಂದಿದ್ದ ಕಂಟ್ರೋಲರನ್ನು ಕೈಗೆ ಕಟ್ಟಿಸಿಕೊಂಡು ಮೊಣಕೈ ಎತ್ತಿದರು.

ಕೈಗವಸು ಜಾರಿತು. ಹಾಕಿದ ಗುಂಡಿ ಹಾಕಿದ ಹಾಗೇ ಇದ್ದಂತೆ, ಕಂಟ್ರೋಲರಿನ ಸಮೇತ ಕಳಚಿಕೊಂಡು ನೆಲಕ್ಕೆ ಬಿತ್ತು.

"ಎಲ್ಲೋ ತಪ್ಪು ಕತ್ತರಿಸಿದ್ದೀಯ" ಎಂದರು ಮಾಸ್ಟರು.

ಗುಂಡಿಯಮ್ಮ ಗೋಡೆಯ ಮೊಳೆಯಿಂದ ಟೇಪು ತೆಗೆದು ಅವರ ಎಡ ಅಂಗೈಗೆ ಸುತ್ತಿದಳು, ಅಂಕಿ ತೋರಿಸಿದಳು. ಆಮೇಲೆ ಬಲ ಅಂಗೈಗೆ ಸುತ್ತಿದಳು. ಮಾಸ್ಟರು ಬಗ್ಗಿ ನೋಡಿದರು. ಟೇಪಿನ ತುದಿಯನ್ನು ತಾವೇ ಹಲ್ಲಿನಲ್ಲಿ ಕಚ್ಚಿ ಬಿಗಿದು ಮತ್ತೆ ನೋಡಿದರು. ಒಂದಿಂಚು ಕಡಿಮೆ. ಹೆಬ್ಬೆರಳಿನ ಬುಡದ ದಿಂಬಿನಂಥ ಮಾಂಸ ಇಳಿದುಹೋಗಿ ಅಲ್ಲೊಂದು ಗುಳಿಯಾಗಿತ್ತು. ದಿನಾ ನೋಡುತ್ತಿದ್ದ ಕೈ. ಅಳೆದದ್ದು ಮಾತ್ರ ಇವತ್ತೇ.

ಮಾಸ್ಟರ ಕಾಲು ನಿಂತುಬಿಟ್ಟಿತು. ಗುಂಡಿಯಮ್ಮನಿಗೆ ಕೈಗಿಂತ ಹೆಚ್ಚಾಗಿ ಅದೇ ಗಾಬರಿಯಾದದ್ದು. ಇಪ್ಪತ್ತು ವರ್ಷದಲ್ಲಿ ಆ ಮೊಣಕಾಲು ಅಲುಗದೆ ಇದ್ದುದನ್ನು ಅವಳು ಕಂಡಿರಲಿಲ್ಲ. ಮೆಲ್ಲಗೆ ಮುಟ್ಟಿದಳು. "ಮಾಸ್ಟ್ರೇ?"

ಅವರು ಪಕ್ಕಕ್ಕೆ ಸರಿಸಿದ್ದ ಕೋಟಿನ ಬಟ್ಟೆಯ ಕಡೆ ನೋಡಿ ಕೇಳಿದರು: "ನಿನಗೆ ಕೋಟು ಕತ್ತರಿಸೋಕೆ ಬರುತ್ತಾ?"

"ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ."

"ನೋಡಿದ್ದು ಕೇಳಲಿಲ್ಲ."

ಗುಂಡಿಯಮ್ಮ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನೀವು ಊಟಕ್ಕೆ ಹೋದಾಗ ಮೂರು ಕತ್ತರಿಸಿದ್ದೀನಿ. ನೀವೇ ಕತ್ತರಿಸಿದ್ದು ಅಂದ್ಕೊಂಡು ಹೊಲಿದು ಕೊಟ್ಟಿರಿ. ಒಬ್ಬ ಗಿರಾಕೀನೂ ವಾಪಸ್ ಬರಲಿಲ್ಲ."

ಮಾಸ್ಟರು ಅವಳನ್ನೇ ನೋಡಿದರು. ಬೈಯುತ್ತಾರೆಂದು ಅವಳು ಕಾದಳು. ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಆಮೇಲೆ ದೊಡ್ಡ ನಗೆ. ನಗುನಗುತ್ತಲೇ ಕಣ್ಣಲ್ಲಿ ನೀರು. "ಕಳ್ಳಿ! ಯಾವ ಮೂರು?"

"ಹೇಳಲ್ಲ."

ಅರ್ಧ ಕತ್ತರಿಸಿದ ಕೋಟಿನ ಬಟ್ಟೆಯನ್ನು ಅವಳ ಮುಂದೆ ಎಳೆದರು. "ಇದನ್ನ ಮುಗಿಸು. ನಾನು ನೋಡ್ತಾ ಕೂತಿರ್ತೀನಿ" ಎಂದರು. ಕೂರಲಾಗಲಿಲ್ಲ. ಅವಳು ಕತ್ತರಿಸುವಷ್ಟು ಹೊತ್ತೂ ಮೇಜಿನ ಸುತ್ತ ಸುತ್ತುತ್ತಾ "ಹುಷಾರು, ಹುಷಾರು" ಎನ್ನುತ್ತಲೇ ಇದ್ದರು. ಕೊನೆಗೆ ಅವಳೇ "ನೀವು ಹೊರಗೆ ಹೋಗ್ತೀರೋ, ನಾನು ಹೋಗಲೋ?" ಎಂದು ಅಟ್ಟಿದಳು.

ಸಂಜೆ ಮಗ ಸೊಸೆ ಬಂದಾಗ ಕನ್ಸೋಲ್ ತಂತಿಯೆಲ್ಲ ಬಿಚ್ಚಿಸಿಕೊಂಡು ಬಾಗಿಲ ಬಳಿ ಸಿದ್ಧವಾಗಿತ್ತು.

"ವಾಪಸ್ ಕೊಟ್ಟುಬಿಡು ತಾಯಿ" ಎಂದರು ಸೊಸೆಗೆ. "ಪಿಸಿ ಇರಲಿ."

"ಮತ್ತೆ ಕೈ?" ಮಗ ತಡೆತಡೆದು ಕೇಳಿದ.

"ಕೈಗೆ ಚೆಂಡು ಇದೆ, ಹಿಸುಕ್ತೀನಿ. ಬಂದಷ್ಟು ಬರಲಿ. ಕೋಟು ಕತ್ತರಿಸೋ ಕೈ ಅದಲ್ಲ ಇನ್ನು, ಅಳೆದು ನೋಡಿದೀನಿ." ಕಿಟಕಿಯ ಕಡೆ ತಿರುಗಿ, "ಆ ತುದಿಯ ಮನೆ ಇನ್ನೂ ಖಾಲಿ ಇದೆಯೇನೋ, ಕೇಳು" ಎಂದರು.

ಮಗ ಏನೋ ಹೇಳಲು ಹೋದ. ಸೊಸೆ ಕಣ್ಣಲ್ಲೇ ತಡೆದಳು. ಪೆಡಲನ್ನು ಮೇಜಿನ ಕೆಳಗೆ ಸರಿಸಿ, ಕುರ್ಚಿ ಎಳೆದಳು. "ಬನ್ನಿ ಮಾವ. ನಾಲ್ಕನೇ ಚೀಲ ಅರ್ಧಕ್ಕೇ ಬಿಟ್ಟಿದ್ದೀರಿ, ಯಾರ ಮನೆ ಕಾಗದವೋ ಏನೋ."

ಮನೆ ಬಿಡುವ ದಿನ ಬರುವುದಕ್ಕೆ ಇನ್ನೊಂದು ತಿಂಗಳು ಹಿಡಿಯಿತು. ಆ ತಿಂಗಳೆಲ್ಲ ಮಾಸ್ಟರು ದಿನಕ್ಕೆ ಹತ್ತು ಸಲ ಬೀದಿ ದಾಟಿ, ಈಗ ಅಂಗಡಿ ನಡೆಸತೊಡಗಿದ್ದ ಗುಂಡಿಯಮ್ಮನ ತಪ್ಪು ಹುಡುಕಿದರು. ತಪ್ಪು ಸಿಕ್ಕ ದಿನ ಊಟ ರುಚಿಸುತ್ತಿತ್ತು, ಸಿಗದ ದಿನ ಸಿಡುಕು. ಬಲಗೈಯ ತೋರುಬೆರಳು ಒಂದು ಮಧ್ಯಾಹ್ನ ಸ್ವಲ್ಪ ಮಡಚಿತು. ಎಲ್ಲರೂ ಸೇರಿ ನೋಡಿದರು. ಲೋಟ ಹಿಡಿಯುವಷ್ಟು ಬಂದೀತು ಎಂದರು ಡಾಕ್ಟರಮ್ಮ. "ಹಿಡೀಲಿ" ಎಂದರು ಮಾಸ್ಟರು.

ಸಾಮಾನಿನ ಲಾರಿ ಬಂದ ಬೆಳಿಗ್ಗೆ ಅವರದೇ ಗಡಿಬಿಡಿ. ಲಾರಿಯವರಿಗೆ ಹಗ್ಗ ಬಿಗಿಯುವುದು ಹೇಳಿಕೊಟ್ಟರು, ಮಗನಿಗೆ ಪೆಟ್ಟಿಗೆ ಎತ್ತುವುದು ಹೇಳಿಕೊಟ್ಟರು, ಯಾರೂ ಕೇಳದಿದ್ದಾಗ ಬೀದಿಯ ನಾಯಿಗೆ ದಾರಿ ಬಿಡೆಂದು ಬೈದರು. ಖಾಲಿ ಕೋಣೆಯಲ್ಲಿ ಅವರ ಹೆಜ್ಜೆಯ ಸದ್ದು ಎರಡರಷ್ಟು ಕೇಳುತ್ತಿತ್ತು. ಕೊನೆಗೆ ಅವರೊಬ್ಬರದೇ ಸಿದ್ಧತೆ ಉಳಿಯಿತು.

ಅಂಗಿ ತೊಡುವಾಗ ಸೋತ ಕೈಯನ್ನು ಮೊದಲು ತೂರಿಸಬೇಕು, ಗಟ್ಟಿ ಕೈ ಆಮೇಲೆ ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಹಠಕ್ಕೆ ಅವರು ಐದು ತಿಂಗಳು ಮೊದಲಿನಂತೆ ಎಡಗೈಯನ್ನೇ ಮೊದಲು ತೂರಿಸಿ, ಇನ್ನೊಂದು ತೋಳಿಗೆ ಗುದ್ದಾಡಿ, ಮಗನನ್ನು ಕೂಗುತ್ತಿದ್ದರು. ಅವತ್ತು ಬಲಗೈಯನ್ನು ಎತ್ತಿ, ಮಗುವಿಗೆ ತೊಡಿಸುವ ಹಾಗೆ ಮೊದಲು ಅದಕ್ಕೆ ತೋಳು ಹಾಕಿದರು. ಆಮೇಲೆ ಎಡಗೈ. ಗುಂಡಿಗಳನ್ನು ಒಂದೊಂದಾಗಿ, ಒಂದೇ ಕೈಯಲ್ಲಿ.

"ಅಪ್ಪ, ಒಂದು ಸಲ ಎಲ್ಲ ಕೋಣೆ ನೋಡ್ಕೊಂಡು ಬರ್ತೀಯಾ?" ಎಂದು ಮಗ ಮೆಟ್ಟಿಲಿನಿಂದ ಕೇಳಿದ.

"ನೋಡೋದೇನಿದೆ? ಮೂವತ್ತೆಂಟು ವರ್ಷ ನೋಡಿದ್ದಾಯ್ತು. ಲಾರಿಯವನು ಕಾಯ್ತಿದ್ದಾನೆ, ನಡಿ ನಡಿ."

ಬಾಗಿಲು ಎಳೆದುಕೊಂಡು, ಮಗನನ್ನೂ ಪಕ್ಕಕ್ಕೆ ಸರಿಸಿ, ಎರಡೆರಡು ಮೆಟ್ಟಿಲು ದಾಟುತ್ತಾ ಎಲ್ಲರಿಗಿಂತ ಮೊದಲು ಕೆಳಗಿಳಿದು ಬೀದಿಗೆ ಬಂದರು.